ಕಿತ್ತಳೆ ಮರಿ, ಕರಿ ಕೂದಲು

"ಇದು ಯಾರ ಕೂದಲು?"

ಪಶುವೈದ್ಯ ಕಿತ್ತಳೆ ಬಣ್ಣದ ಬೆಕ್ಕಿನ ಮರಿಯ ಬೆನ್ನಿನಿಂದ ಒರಟಾದ ಕರಿ ಕೂದಲೊಂದನ್ನು ಎಳೆದು ಅವಳ ಮುಂದೆ ಹಿಡಿದ.

ದಿನವಿಡೀ ಹೊಲಿಗೆ ಯಂತ್ರ ತುಳಿದು ಸುಸ್ತಾಗಿ ಬಂದಿದ್ದ ಹುಡುಗಿಗೆ ಬೇರೆ ಸುಳ್ಳು ಹೊಳೆಯಲಿಲ್ಲ. "ನಂದೇ!"

"ಇಷ್ಟು ಒರಟಾ?" ಅವನು ನಕ್ಕೇಬಿಟ್ಟ! ಅವಳಿಗೆ ಮೈಯೆಲ್ಲ ಉರಿಯಿತು.

"ನೋಡಿ, ಬಾಲದ ಹತ್ರ ಅಕ್ಕಿಕಾಳಿನ ಥರ ಅಂಟಿರೋದು ಹುಳದ ತುಂಡು. ಚಿಗಟದಿಂದ ಬರುತ್ತೆ. ಮನೇಲಿ ಬೇರೆ ಪ್ರಾಣಿ ಇದ್ರೆ ಎಲ್ಲಕ್ಕೂ ಒಟ್ಟಿಗೇ ಔಷಧಿ ಕೊಡ್ಬೇಕು. ಇಲ್ಲಾಂದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ!"

"ಬೇರೆ ಯಾವುದೂ ಇಲ್ಲ!"

ಇತ್ತು. ಅಪ್ಪನ ಮುದಿ ನಾಯಿ, ಕರಿಯ. "ಇವನೇ ಕೊನೆ. ಇನ್ನೊಂದು ಜೀವ ಸಾಕಿ, ಕಳ್ಕೊಂಡು ಅಳೋ ಶಕ್ತಿ ನಂಗಿಲ್ಲ," ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಚರಂಡಿಯಲ್ಲಿ ಸಿಕ್ಕ ಮರಿಯನ್ನು ಅವಳು ಹಿಂದಿನ ಕೋಣೆಯಲ್ಲಿ, ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಬಚ್ಚಿಟ್ಟಿದ್ದಳು. ಕರಿಯನಿಗೆ ಔಷಧಿ ಎಂದರೆ ಗುಟ್ಟು ರಟ್ಟು, ಮರಿ ಬೀದಿಪಾಲು! ಕೂದಲು ತನ್ನ ಸೀರೆಗೆ ಅಂಟಿಕೊಂಡು ಬಂದಿರಬೇಕು ಅಂದುಕೊಂಡಳು.

ಮರಿಗಷ್ಟೇ ಔಷಧಿ ಕುಡಿಸಿದಳು. ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಮತ್ತದೇ ಅಕ್ಕಿಕಾಳು... ಬೆಳಗ್ಗೆ ಮರಿಯ ಕೊಳೆ ಬಳಿದು, ಹಗಲೆಲ್ಲ ಹೊಲಿದು, ಅವಳ ಸೊಂಟ ಬಿದ್ದುಹೋಗಿತ್ತು. 'ಆ ವೈದ್ಯನ ಮುಂದೆ ಯಾವ ಮುಖ ಇಟ್ಕೊಂಡು ಹೋಗ್ಲಿ?'

ಒಂದು ಸಂಜೆ ಮನೆಗೆ ಬಂದರೆ, ನಡುಮನೆಯಲ್ಲಿ ಅವನೇ! ಪಕ್ಕದಲ್ಲಿ ಅಪ್ಪ.

"ಚಾಡಿ ಹೇಳೋಕೆ ಮನೆವರೆಗೂ ಬಂದ್ರಾ?"

ಅವನು ಕಣ್ಣು ಕಣ್ಣು ಬಿಟ್ಟ. "ಇದು ನಿಮ್ಮ ಮನೆ ಅಂತ ನಂಗೆ ಗೊತ್ತೇ ಇಲ್ಲ!"

"ನಾನೇ ಕರೆಸಿದ್ದು ಮಗಳೇ," ಅಪ್ಪ ತಲೆ ತಗ್ಗಿಸಿದರು. "ಕರಿಯನಿಗೂ ಹುಳ ಆಗಿದೆ. ಆಸ್ಪತ್ರೆವರೆಗೂ ಅವನಿಗೆ ನಡೆಯೋಕಾಗಲ್ಲ ನೋಡು..."

ಅಷ್ಟು ಹೇಳಿ, ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲು ತೆಗೆದರು. ಮರಿ ಓಡಿ ಬಂದು, ದಿನದ ರೂಢಿಯೆಂಬಂತೆ ಕರಿಯನ ಹೊಟ್ಟೆಗೆ ಒರಗಿ ಮಲಗಿತು.

"ನೀನು ಹೊಲಿಗೆ ಅಂಗಡಿಗೆ ಹೋದ್ಮೇಲೆ ಕರಿಯ ದಿನಾ ಆ ಬಾಗಿಲು ಕೆರೀತಾನೆ. ನಾನೇ ತೆಗೀತೀನಿ. ಬೇಡ ಅಂದವನು ನಾನೇ ಅಲ್ವಾ... ಹೇಳೋಕೆ ನಾಚಿಕೆ ಆಯ್ತು."

"ಅಪ್ಪಾ!" ಇಷ್ಟು ದಿನದ ದಣಿವೆಲ್ಲ ಕಣ್ಣೀರಾಗಿ ಇಳಿಯಿತು.

"ಚೆನ್ನಾಗಿದೆ! ಅಪ್ಪ ಮಗಳು ಸೇರಿ ಹುಳ ಸಾಕಿದ್ದೀರಿ," ಎಂದ ವೈದ್ಯ. ಎರಡನ್ನೂ ತೂಗಿ, ಬೇರೆ ಬೇರೆ ಮಾತ್ರೆ ನುಂಗಿಸಿ, ಚಿಗಟಕ್ಕೆಂದು ಕುತ್ತಿಗೆಯ ಹಿಂದೆ ಔಷಧಿಯ ಹನಿ ಬಿಟ್ಟ. "ನಾಯಿದನ್ನ ಬೆಕ್ಕಿಗೆ ಹಾಕ್ಬೇಡಿ ಮತ್ತೆ. ಹಾಸಿದ ಬಟ್ಟೆಯೆಲ್ಲ ಬಿಸಿನೀರಲ್ಲಿ ಒಗೀರಿ."

ಗೇಟಿನವರೆಗೂ ಅವಳು ಬಂದಳು. "ಕ್ಷಮಿಸಿ... ಸುಳ್ಳು ಹೇಳಿದ್ದೆ."

"ಗೊತ್ತಿತ್ತು. ನಕ್ಕಿದ್ದು ತಪ್ಪಾಯ್ತೇನೋ ಅಂತ ಅವತ್ತಿಂದ ಬಾಗಿಲೇ ನೋಡ್ತಿದ್ದೆ. ನೀವು ಬರ್ಲೇ ಇಲ್ಲ."

"ಮರಿ ಚಿಂತೆನಾ?"

"ಅದೂ ಇತ್ತು... ನೀವು ಇಷ್ಟ ಆಗಿಬಿಟ್ಟಿದ್ರಿ."

ಇನ್ನೊಂದು ಸುಳ್ಳು ಹೇಳುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ನಂಗೂ..." ಎಂದಳು.

"ಹಾಗಾದ್ರೆ ನಾಳೆ ಬರ್ಲಾ? ಮರಿ ನೋಡೋ ನೆಪದಲ್ಲಿ?"

"ನೆಪ ಯಾಕೆ? ಬನ್ನಿ... ಅಪ್ಪ ಬಾಗಿಲು ತೆಗೀತಾರೆ."