ಬೆಕ್ಕಿನ ಉಗುರು ಕತ್ತರಿಸುವವನು

"ಇದಕ್ಕೆ ಹೊಡೆದವರು ಯಾರು?"

ಪಶುವೈದ್ಯರ ಕ್ಲಿನಿಕ್ಕಿನ ಕಾಂಪೌಂಡರ್ ತಲೆ ಎತ್ತದೆ ಕೇಳಿದ. ಬುಟ್ಟಿಯ ಮೂಲೆಯಲ್ಲಿ ದೊರೆಸಾನಿ ಎಂಬ ಬೆಕ್ಕು ಮುದುಡಿ ಕೂತಿತ್ತು.

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. "ನಾನಲ್ಲ, ನಮ್ಮ ಅತ್ತಿಗೆ. ಗಿರಾಕಿಯ ರೇಷ್ಮೆ ಬಟ್ಟೆ ಪರಚಿತು ಅಂತ ಪೊರಕೆ ತಗೊಂಡ್ರು. ನಾನು ಹೊಡೆಯೋಳಾಗಿದ್ರೆ ಕೆಲಸ ಬಿಟ್ಟು ಇಲ್ಲಿಗೆ ಯಾಕೆ ಬರ್ತಿದ್ದೆ?"

ಆಗ ತಲೆ ಎತ್ತಿದ. "ತಪ್ಪಾಯ್ತು ಮೇಡಂ," ಅಂದ. ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವ ಗಂಡಸನ್ನು ಅವಳು ಮೂವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. "ಬೆಕ್ಕಿಗೆ ಯಾರಾದ್ರೂ ಬುದ್ಧಿ ಕಲಿಸೋಕಾಗುತ್ತಾ? ಗೋಣಿಚೀಲಕ್ಕೆ ಹಾಕಿ ಎಲ್ಲಾದ್ರೂ ಬಿಟ್ಟು ಬಾ," ಅಂದಿದ್ದ ಅಣ್ಣ. ಅವಳು ಹಟ ಹಿಡಿದು ಒಂದು ತಿಂಗಳ ಗಡುವು ಕೇಳಿ ಬಂದಿದ್ದಳು.

"ಪರಚೋದು ಅದರ ಹುಟ್ಟುಗುಣ," ಅಂದ ಕಾಂಪೌಂಡರ್. "ಬೇಡ ಅಂದ್ರೆ ಕೇಳಲ್ಲ. ಎಲ್ಲಿ ಪರಚಬೇಕು ಅಂತ ತೋರಿಸಿ."

ಮರುದಿನವೇ ಅವಳು ಒಂದು ಹಲಗೆಗೆ ಒರಟು ಹಗ್ಗ ಬಿಗಿಯಾಗಿ ಸುತ್ತಿ ಹೊಲಿಗೆ ಯಂತ್ರದ ಪಕ್ಕ ನಿಲ್ಲಿಸಿದಳು. ಬೆಕ್ಕು ಅದನ್ನು ಪರಚಿದಾಗಲೆಲ್ಲ ಒಂದು ಚೂರು ಮೀನು. ಬಟ್ಟೆಯ ಕಡೆ ಹೋದರೆ ಬೈಗುಳವಿಲ್ಲ, ಏಟಿಲ್ಲ. ಎತ್ತಿ ತಂದು ಹಲಗೆಯ ಮುಂದೆ ಬಿಡುವುದು, ಅಷ್ಟೇ. ಊಟದ ತಟ್ಟೆಯಿಂದ ದೂರಕ್ಕೆ ಮರಳಿನ ಟ್ರೇ ಸರಿಸಿ ದಿನಾ ಶುಚಿ ಮಾಡಿದ ಮೇಲೆ ಬೆಕ್ಕು ಮೂಲೆಮೂಲೆಯಲ್ಲಿ ಮಾಡುತ್ತಿದ್ದ ಗಲೀಜೂ ನಿಂತಿತು.

ಉಗುರು ಕತ್ತರಿಸುವುದು ಮಾತ್ರ ಬರಲಿಲ್ಲ. ಅದನ್ನು ಕಲಿಯಲು ವಾರವಾರವೂ ಕ್ಲಿನಿಕ್ಕಿಗೆ ಹೋದಳು. ಒಂದೇ ವಾರಕ್ಕೆ ಕಲಿಯಬಹುದಿತ್ತು, ಆ ಮಾತು ಬೇರೆ.

"ಪಾದ ಮೆಲ್ಲಗೆ ಅದುಮಿ. ಉಗುರು ಹೊರಗೆ ಬಂತಲ್ಲ? ತುದಿ ಮಾತ್ರ ತೆಗೀರಿ. ಒಳಗಿನ ಗುಲಾಬಿ ಬಣ್ಣ ಮುಟ್ಟಿದ್ರೆ ರಕ್ತ ಬರುತ್ತೆ."

ಅವಳ ಕೈ ನಡುಗಿತು.

"ದಿನವಿಡೀ ಕತ್ತರಿ ಹಿಡಿಯೋರಿಗೆ ಕೈ ನಡುಗುತ್ತಾ?"

"ಬಟ್ಟೆ ನನ್ನನ್ನ ಹೀಗೆ ದುರುಗುಟ್ಟಿ ನೋಡಲ್ಲ."

"ಬೆಕ್ಕು ಕಿಟಕಿ ಕಡೆ ನೋಡ್ತಿದೆಯಲ್ಲ?"

"ನಾನು ಬೆಕ್ಕಿನ ಮಾತು ಹೇಳಿದ್ನಾ?"

ಅವನ ಕಿವಿ ಕೆಂಪಾಯಿತು. ಅವಳು ತಲೆ ತಗ್ಗಿಸಿ, ತುಟಿ ಕಚ್ಚಿಕೊಂಡು, ಆ ಪಾದದ ಉಗುರುಗಳನ್ನೆಲ್ಲ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗದಂತೆ ಕತ್ತರಿಸಿದಳು.

ತಿಂಗಳು ತುಂಬಿತು. ದೊರೆಸಾನಿ ಒಂದು ಬಟ್ಟೆಯನ್ನೂ ಮುಟ್ಟಿರಲಿಲ್ಲ. ಆದರೆ ಅಣ್ಣ ಹೊಸ ರಾಗ ತೆಗೆದ.

"ಹಾರ್ಡ್‌ವೇರ್ ಅಂಗಡಿಯವರು ನಿನ್ನನ್ನ ಒಪ್ಪಿದ್ದಾರೆ. ಅವರಿಗೆ ಬೆಕ್ಕು ಆಗಲ್ಲ, ಹೊಲಿಗೆ ಅಂಗಡೀನೂ ಬೇಡವಂತೆ. ನಾನು ಮಾತು ಕೊಟ್ಟಾಯ್ತು."

"ಕೊಟ್ಟೋರು ನೀವು, ನೀವೇ ವಾಪಸ್ ತಗೊಳ್ಳಿ ಅಣ್ಣ."

"ಈ ವಯಸ್ಸಲ್ಲಿ ಇನ್ಯಾರು ಸಿಕ್ತಾರೆ ಅಂದ್ಕೊಂಡಿದೀಯ?" ಅತ್ತಿಗೆ ಒಳಗಿನಿಂದ ಒಗ್ಗರಣೆ ಹಾಕಿದಳು.

"ಕ್ಲಿನಿಕ್ಕಿನ ಕಾಂಪೌಂಡರ್‌ನ ಮದುವೆ ಆಗ್ತೀನಿ."

ಬಾಯಿಂದ ಬಂದ ಮಾತಿಗೆ ಅವಳೇ ಬೆಚ್ಚಿದಳು. ಅಣ್ಣ ಎದ್ದು ನಿಂತ. "ಬೆಕ್ಕಿನ ಉಗುರು ಕತ್ತರಿಸೋನಿಗೆ ನನ್ನ ತಂಗೀನ ಕೊಡ್ತೀನಾ?"

"ನೀವು ಕೊಡೋದು ಬೇಡ. ನಾನೇ ಹೋಗ್ತೀನಿ."

ಬೆಕ್ಕನ್ನು ಬುಟ್ಟಿಗಿಟ್ಟು, ನಡುಮಧ್ಯಾಹ್ನದ ಬೀದಿಯಲ್ಲಿ ಸರಸರ ನಡೆದಳು. ಅರ್ಧ ದಾರಿಯಲ್ಲಿ ಹೊಳೆಯಿತು: ಅವನನ್ನು ಕೇಳಿಯೇ ಇಲ್ಲ! ಹಿಂದಿರುಗಲು ಮಾತ್ರ ಕಾಲು ಒಪ್ಪಲಿಲ್ಲ.

ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ಕಾಂಪೌಂಡರ್ ಒಂದು ನಾಯಿಯನ್ನು ಅವುಚಿ ಹಿಡಿದಿದ್ದ.

"ನಿಮ್ಮನ್ನ ಮದುವೆ ಆಗ್ತೀನಿ ಅಂತ ಮನೇಲಿ ಹೇಳಿ ಬಂದೆ," ಅಂದಳು.

"ನನ್ನನ್ನ ಕೇಳದೆ?"

"ಈಗ ಕೇಳ್ತಿದೀನಿ. ಬೇಡ ಅನ್ನಿಸಿದ್ರೆ ಹೇಳಿ. ಅತ್ಕೊಂಡು ಹೋಗೋಳಲ್ಲ ನಾನು. ಬೇರೆ ಕೋಣೆ ಹುಡುಕ್ತೀನಿ, ಹೊಲಿಗೆ ಇದೆ, ಇವಳಿದಾಳೆ, ಬದುಕ್ತೀನಿ. ಆದ್ರೆ ಆ ಹಾರ್ಡ್‌ವೇರಿನವನನ್ನ ಮಾತ್ರ ಆಗಲ್ಲ."

ನಾಯಿಯ ಯಜಮಾನಿ, ಒಬ್ಬ ಅಜ್ಜಿ, ಸಿಡುಕಿದಳು: "ಬೇಗ ಹೂಂ ಅನ್ನಪ್ಪ! ಇದಕ್ಕೆ ಇಂಜೆಕ್ಷನ್ ಆಗ್ಬೇಕು."

"ಹೂಂ," ಅಂದ ಅವನು. "ಎರಡನೇ ವಾರದಿಂದಲೇ ಹೂಂ."

ಇಂಜೆಕ್ಷನ್ ಮುಗಿಸಿ, ಕೈ ತೊಳೆದು, ಡಾಕ್ಟರಿಗೆ ಹೇಳಿ ಹೊರಗೆ ಬಂದ. "ಬನ್ನಿ, ನಿಮ್ಮಣ್ಣನ ಎದುರಿಗೇ ನಿಂತು ಹೇಳೋಣ."

"ಬನ್ನಿ ಅಲ್ಲ."

"ಮತ್ತೆ?"

"ಬಾ ಅನ್ನು."

ಅವನು ಬುಟ್ಟಿಯ ಒಂದು ಹಿಡಿಯನ್ನು ಹಿಡಿದು, "ಬಾ," ಅಂದ.

ಇನ್ನೊಂದು ಹಿಡಿಯನ್ನು ಅವಳು ಹಿಡಿದಳು. ಬೀದಿ ಬೀದಿಯೇ ನೋಡುತ್ತಿದ್ದರೂ ಇಬ್ಬರೂ ನಡುರಸ್ತೆಯಲ್ಲೇ ನಡೆದರು.