ಅವಳು ‘ಆಯ್ತು’ ಅನ್ನುವ ತನಕ

ಮೊದಲ ದಿನವೇ ನಾನು ಮೇಷ್ಟ್ರ ಎದುರು ನಕ್ಕುಬಿಟ್ಟೆ.

ನಗದೆ ಏನು ಮಾಡಲಿ? ವರ್ಷಗಟ್ಟಲೆ ಕ್ರೈಮ್ ಸುದ್ದಿ ಬರೆದವಳು ನಾನು. ಮೊಬೈಲಿನಲ್ಲಿ ವಿಡಿಯೋ ಸುದ್ದಿ ಮಾಡುವುದನ್ನು ಕಲಿತು ಬಾ, ಇಲ್ಲದಿದ್ದರೆ ಶ್ರದ್ಧಾಂಜಲಿ ಪುಟ ನೋಡಿಕೋ ಎಂದು ಸಂಪಾದಕರು ಈ ತರಗತಿಗೆ ಅಟ್ಟಿದ್ದರು. ಇಲ್ಲಿ ನೋಡಿದರೆ ಈ ಮನುಷ್ಯ ಫೋನನ್ನು ಮೇಜಿನ ಮೇಲಿಟ್ಟು, ಈಗ ಸುಮ್ಮನಿರುವುದನ್ನು ರೆಕಾರ್ಡ್ ಮಾಡೋಣ ಎನ್ನುತ್ತಾರೆ.

“ಪ್ರತಿ ಕೋಣೆಗೂ ಅದರದೇ ಒಂದು ಮೌನ ಇರುತ್ತೆ,” ಎಂದರು. “ಮಾತೆಲ್ಲ ಮುಗಿದ ಮೇಲೆ ಅದನ್ನೂ ಸ್ವಲ್ಪ ಹಿಡಿದಿಟ್ಕೊಳ್ಳಿ. ಎಡಿಟಿಂಗ್‌ನಲ್ಲಿ ಎರಡು ಮಾತಿನ ಮಧ್ಯೆ ತುಂಬೋಕೆ ಬೇಕಾಗುತ್ತೆ. ಶುರು ಮಾಡಿದವರು ‘ಆಯ್ತು’ ಅನ್ನೋ ತನಕ ಒಳಗಿದ್ದವರು ಅಲ್ಲಾಡಬಾರದು, ಹೊರಗಿದ್ದವರು ಬಾಗಿಲು ತೆಗೀಬಾರದು.”

ಆಗಲೇ ನಾನು ನಕ್ಕಿದ್ದು. ಅವರು ತಿರುಗಿ ನೋಡಿದರು. ಸಿಟ್ಟಿನ ನೋಟವಲ್ಲ. ಆ ಕೋಣೆಯಲ್ಲಿ ಯಾರಾದರೂ ನಕ್ಕು ಬಹಳ ಕಾಲವಾಗಿದ್ದ ಹಾಗೆ, ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತು, ಬೇಗ ಇಳಿದುಹೋಯಿತು. ನನಗೆ ಸುಮ್ಮನೆ ಸೆರಗು ಸರಿಮಾಡಿಕೊಳ್ಳಬೇಕೆನಿಸಿತು. ನಾನು ಉಟ್ಟದ್ದು ಸೀರೆಯೇ ಅಲ್ಲ.

ಹೊಲಿಗೆ ಅಂಗಡಿಯ ಮೇಲಿನ ಮಹಡಿ ಅದು. ಹೊರಗಿನ ಸದ್ದು ಬರದ ಹಾಗೆ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಕಿಟಕಿಗೆ ದಪ್ಪ ಕಂಬಳಿ ಇಳಿಬಿಟ್ಟಿದ್ದರು. ಬಾಗಿಲ ಹೊರಗೆ ಕೆಂಪು ಬಲ್ಬು. ಅದು ಉರಿಯುತ್ತಿದ್ದರೆ ಒಳಗೆ ರೆಕಾರ್ಡಿಂಗ್ ನಡೆದಿದೆ ಎಂದರ್ಥ.

ನನ್ನ ಸರದಿಯಲ್ಲಿ ನಾನೂ ಮೌನ ಹಿಡಿದೆ. ‘ಆಯ್ತು’ ಎಂದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಅದರೊಳಗೆ ಒಬ್ಬಳು ಹೆಂಗಸು ಗುನುಗುತ್ತಿದ್ದಳು.

ಪಕ್ಕದಲ್ಲಿದ್ದ ಹುಡುಗಿಗೆ ನಾವೆಲ್ಲ ‘ಮದುವೆ ವಿಡಿಯೋ’ ಎನ್ನುತ್ತಿದ್ದೆವು, ಅವಳ ಕಸುಬೇ ಅದು. ಸುಮ್ಮನಿರಿ ಅಂದಾಗ ಹಾಡೋಕೆ ನಿನಗೇನು ಬಂತು ಎಂದು ಅವಳನ್ನು ತರಾಟೆಗೆ ತೆಗೆದುಕೊಂಡೆ. ಪಾಪ, ಅವಳು ಅಳುವುದೊಂದು ಬಾಕಿ. ಗಂಟಲು ಕೆಟ್ಟು ಎರಡು ದಿನದಿಂದ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಮೇಷ್ಟ್ರು ನನ್ನ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡು ಕೇಳಿದರು. ಪಕ್ಕದ ಮನೆಯದಿರಬೇಕು ಬಿಡಿ ಎಂದರು.

ಪಕ್ಕದಲ್ಲಿ ಮನೆಯೇ ಇರಲಿಲ್ಲ. ಸುಳ್ಳು ಹೇಳುವವರ ಎದುರು ಕೂತೇ ಹೊಟ್ಟೆ ಹೊರೆದವಳು ನಾನು. ಆದರೆ ಸುಳ್ಳು ಹೇಳುವಾಗ ಮುಖ ಇಷ್ಟು ಮೃದುವಾಗಿದ್ದದ್ದನ್ನು ಎಲ್ಲೂ ಕಂಡಿರಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ. ಮನೆಯ ಅಡುಗೆಕೋಣೆಯಲ್ಲಿ, ಆಫೀಸಿನಲ್ಲಿ, ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಎಲ್ಲೆಲ್ಲೂ ಮೌನ ಹಿಡಿದು ನೋಡಿದೆ. ಫ್ಯಾನಿನ ಸದ್ದು, ಫ್ರಿಜ್ಜಿನ ಸದ್ದು, ಅಷ್ಟೇ. ಗುನುಗು ಬರುತ್ತಿದ್ದದ್ದು ಆ ಕೋಣೆಯಲ್ಲಿ ಮಾತ್ರ, ಮೇಷ್ಟ್ರು ಒಳಗಿದ್ದಾಗ ಮಾತ್ರ. ಒಮ್ಮೆ ಕೆಮ್ಮಿದೆ. ರೆಕಾರ್ಡಿಂಗಿನಲ್ಲಿ ನನ್ನ ಕೆಮ್ಮಿಗೆ ಗುನುಗು ಥಟ್ಟನೆ ನಿಂತು, ಯಾರು ಅಂತ ನೋಡಿದ ಹಾಗೆ ಕಾದು, ಮತ್ತೆ ಶುರುವಾಯಿತು. ಅಂದು ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿದೆ.

ಹಾಗಿದ್ದರೆ ತರಗತಿ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಅಕ್ಕನೂ ಅದನ್ನೇ ಕೇಳಿದಳು. ಕೇಳಿ, ನನ್ನ ಮುಖ ನೋಡಿ, ಹುಬ್ಬು ಹಾರಿಸಿ, “ಓಹೋ, ದೆವ್ವ ಅಲ್ಲ ಇದು, ಮೇಷ್ಟ್ರು,” ಎಂದಳು. ಹೆಣದ ಸುದ್ದಿ ಬರೆಯುವವಳಿಗೂ ಒಂದು ಗತಿ ಆಯಿತಪ್ಪಾ ಎಂದು ಭಾವನಿಗೂ ಕೂಗಿ ಹೇಳಿದಳು.

ಅವಳಿಂದ ಮುಚ್ಚಿಡುವುದೆಲ್ಲಿ ಬಂತು? ರಸ್ತೆಯಲ್ಲಿ ಶೂಟಿಂಗ್ ಕಲಿಸುವಾಗ ಮೇಷ್ಟ್ರು ನನ್ನ ಮೊಣಕೈ ಹಿಡಿದು ಪಕ್ಕೆಗೆ ಒತ್ತಿ, ಕೈ ಹೀಗಿದ್ದರೆ ಫೋನು ಅಲುಗಲ್ಲ, ಉಸಿರು ನಿಧಾನಕ್ಕೆ ಬಿಡಿ ಎಂದಿದ್ದರು. ಫೋನು ಅಲುಗಲಿಲ್ಲ. ನಾನು ಅಲುಗಿದೆ. ಚಪ್ಪಲಿ ಹೊಲಿಯುವವರ ಕೈಗಳನ್ನು ನಾನು ದೂರದಿಂದಲೇ ಜೂಮ್ ಮಾಡುತ್ತಿದ್ದರೆ ಅವರು ತಲೆ ಅಲ್ಲಾಡಿಸಿದರು. “ಜೂಮ್ ಅನ್ನೋದು ಸುಳ್ಳು, ರಿಪೋರ್ಟರ್. ಹತ್ತಿರ ಬೇಕು ಅಂದ್ರೆ ನಡ್ಕೊಂಡು ಹತ್ತಿರ ಹೋಗಿ.”

“ಹತ್ತಿರ ಹೋದ್ರೆ ಅವರು ಎದ್ದು ಹೋದ್ರೆ?” ಎಂದೆ, ಚಪ್ಪಲಿ ಹೊಲಿಯುವವರನ್ನು ನೋಡದೆ.

ಅವರ ಕಿವಿಯ ತುದಿ ಕೆಂಪಾಯಿತು. ಆ ಕೆಂಪನ್ನು ಅಂದು ಮನೆಗೆ ಹೊತ್ತುಕೊಂಡು ಹೋದೆ.

ಅಲ್ಲಿಂದ ಮುಂದೆ ಗುನುಗು ಹತ್ತಿರ ಬರತೊಡಗಿತು. ನಾನು ಬೆಂಚಿನ ತುದಿಯಲ್ಲಿ ಕೂತ ದಿನ ಅದು ಕೋಣೆಯ ಮೂಲೆಯಲ್ಲಿ ಕೇಳುತ್ತಿತ್ತು. ಮೇಷ್ಟ್ರ ಪಕ್ಕ ಕೂತ ದಿನ ನನ್ನ ಕಿವಿಯ ಹಿಂದೆಯೇ ಇತ್ತು, ಉಸಿರು ಎಳೆದುಕೊಳ್ಳುವ ಸದ್ದಿನ ಸಮೇತ. ನನಗೆ ಹೆದರಿಕೆಗಿಂತ ಹೊಟ್ಟೆಕಿಚ್ಚು ಹೆಚ್ಚಾಗಿತ್ತೆಂದರೆ ನಂಬುತ್ತೀರಾ? ಅವಳು ಯಾರೆಂದು ಆ ಹೊತ್ತಿಗೆ ನನಗೆ ಗೊತ್ತಾಗಿಹೋಗಿತ್ತು. ಹೆಂಡತಿಯಲ್ಲದೆ ಅಷ್ಟು ಧೈರ್ಯವಾಗಿ ಯಾರು ಗುನುಗುತ್ತಾರೆ?

ಕೊನೆಯ ಪಾಠವೆಂದರೆ ಕೆಲಸದಲ್ಲಿರುವ ಒಬ್ಬ ಮನುಷ್ಯನ ಕಥೆಯನ್ನು ಫೋನಿನಲ್ಲೇ ತೆಗೆದು, ಫೋನಿನಲ್ಲೇ ಜೋಡಿಸುವುದು. ಎಲ್ಲರೂ ದರ್ಜಿ, ಡ್ರೈವರು, ನರ್ಸು ಎಂದು ಹುಡುಕಿಕೊಂಡು ಹೋದರು. ನಾನು ಮೇಷ್ಟ್ರನ್ನೇ ಆರಿಸಿದೆ. ಬೇಡ ಎಂದರು, ಕೋಪಿಸಿಕೊಂಡರು, ಕೊನೆಗೆ ಒಂದು ಮಧ್ಯಾಹ್ನ ಆ ಕೋಣೆಯಲ್ಲಿ ನನ್ನ ಫೋನಿನ ಎದುರು ಕೂತರು.

ಈ ತರಗತಿಯನ್ನು ಶುರುಮಾಡಿದ್ದೇ ಗಂಡ ಹೆಂಡತಿ ಸೇರಿ. ಅವರದು ಚಿತ್ರ, ಅವಳದು ಧ್ವನಿ. ಮೊಟ್ಟೆಯ ಟ್ರೇ ಅಂಟಿಸಿದ್ದು, ಕೆಂಪು ಬಲ್ಬು ಹಾಕಿಸಿದ್ದು, ‘ಆಯ್ತು’ ಅನ್ನುವ ನಿಯಮ ಮಾಡಿದ್ದು ಎಲ್ಲ ಅವಳೇ. ಒಂದು ದಿನ ಪಾಠ ಮುಗಿದ ಮೇಲೆ ಅವಳೊಬ್ಬಳೇ ಒಳಗೆ ಕೂತು ಕೋಣೆಯ ಮೌನ ಹಿಡಿಯುತ್ತಿದ್ದಳು. ಮೇಷ್ಟ್ರು ಕೆಳಗಿನಿಂದ ಎರಡು ಕಪ್ ಟೀ ತಂದರು. ಕೆಂಪು ಬಲ್ಬು ಉರಿಯುತ್ತಿತ್ತು.

“ನಿಂತೆ,” ಎಂದರು. “ನಿಯಮ ಅಲ್ವಾ. ಒಳಗೇನೋ ಬಿದ್ದ ಹಾಗೆ ಕೇಳಿಸ್ತು. ಮೈಕ್ ಸ್ಟ್ಯಾಂಡ್ ಇರಬೇಕು ಅಂದ್ಕೊಂಡೆ. ಮಧ್ಯೆ ಬಾಗಿಲು ತೆಗೆದ್ರೆ ಅವಳು ವಾರ ಪೂರ್ತಿ ಬೈತಿದ್ಲು. ಟೀ ಆರಿ ಕೆನೆ ಕಟ್ತು ರಿಪೋರ್ಟರ್. ನಾನು ನಿಂತೇ ಇದ್ದೆ.”

ಹೃದಯ ನಿಂತು ಅವಳು ಒಳಗೆ ಬಿದ್ದಿದ್ದಳು. ಆಮೇಲೆ ಬಾಗಿಲು ತೆಗೆಸಿದವರು ಕೆಳಗಿನ ಅಂಗಡಿಯ ದರ್ಜಿ. ತಕ್ಷಣ ನೋಡಿದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದ್ದರಂತೆ. ಹೇಳಿದರೇನು ಬಂತು?

“ಅವಳು ಇನ್ನೂ ಆಯ್ತು ಅಂದಿಲ್ಲ,” ಎಂದರು ಮೇಷ್ಟ್ರು. “ಅದಕ್ಕೇ ನಾನು ನಿಮ್ಮ ಹತ್ತಿರ ಬರಲ್ಲ. ನಿಮ್ಮನ್ನ ಕಂಡ್ರೆ ಆಗಲ್ಲ ಅಂತಲ್ಲ.”

ನನ್ನ ಕಣ್ಣಲ್ಲಿ ನೀರು ತುಂಬಿ ಚೌಕಟ್ಟು ಮಸುಕಾಯಿತು. ಮೊಣಕೈ ಮಾತ್ರ ಪಕ್ಕೆಗೆ ಅಂಟಿಕೊಂಡೇ ಇತ್ತು. ಕಲಿಸಿದವರು ಅವರೇ ತಾನೆ.

ಮಾತು ಮುಗಿದ ಮೇಲೆ ಮೌನ ಹಿಡಿಯಬೇಕಿತ್ತು. ನಾನು ಫೋನನ್ನು ಮೇಜಿನ ಮೇಲಿಟ್ಟು, ರೆಕಾರ್ಡಿಂಗ್ ಒತ್ತಿ, ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. ಬಾಗಿಲೆಳೆದು ಕೆಂಪು ಬಲ್ಬು ಹಾಕಿದೆ. ಕೆಳಗೆ ಹೋಗಿ ಎರಡು ಕಪ್ ಟೀ ತಂದು ಒಂದನ್ನು ಅವರ ಕೈಗಿಟ್ಟೆ. ಅವರ ಮುಖ ಬಿಳಿಚಿಕೊಂಡಿತು.

“ಶುರು ಮಾಡಿದವಳು ನಾನು. ‘ಆಯ್ತು’ ನಾನು ಹೇಳ್ಬೇಕು,” ಎಂದೆ ಪಿಸುದನಿಯಲ್ಲಿ. “ಹೇಳಲ್ಲ. ಬದುಕಿರೋ ಸವತಿ ಆಗಿದ್ರೆ ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ಇವಳ ಹತ್ತಿರ ನಾನು ಏನಂತ ಗೆಲ್ಲಲಿ ಮೇಷ್ಟ್ರೇ? ನಂಗೆ ನೀವು ಬೇಕು. ಆದ್ರೆ ಬಾಗಿಲ ಹೊರಗೆ ನಿಂತಿರೋ ನೀವಲ್ಲ. ತೆಗೀತೀರೋ, ಹೀಗೇ ನಿಲ್ತೀರೋ ನೋಡಿ. ನಿಂತ್ರೆ ನಾಳೆಯಿಂದ ನಾನು ಬರಲ್ಲ.”

ಕೆಳಗೆ ಹೊಲಿಗೆ ಯಂತ್ರ ನಡೆಯುತ್ತಿತ್ತು. ಟೀಯ ಹಬೆ ತೆಳುವಾಗುತ್ತ ಬಂತು. ಅವರು ಚಿಲಕವನ್ನೇ ನೋಡುತ್ತಿದ್ದರು. ಕಪ್ಪನ್ನು ಕುಡಿಯದೆ ನೆಲದ ಮೇಲಿಟ್ಟರು. ನಾನು ಸೋತೆ ಎಂದುಕೊಂಡೆ. ನನ್ನ ಕಪ್ಪನ್ನೂ ಕೆಳಗಿಟ್ಟು ಚಪ್ಪಲಿಗೆ ಕಾಲು ಹಾಕಿದೆ.

ಆಗ ಅವರು ಬಾಗಿಲು ತೆಗೆದರು. ಯಾರೂ ‘ಆಯ್ತು’ ಎನ್ನದೆ, ಕೆಂಪು ಬಲ್ಬು ಉರಿಯುತ್ತಿರುವಾಗಲೇ, ಭುಜ ಕೊಟ್ಟು ತಳ್ಳಿ.

ಒಳಗೆ ಬೆಂಚು, ಮೇಜು, ಫೋನು. ಬೇರೆ ಯಾರೂ ಇರಲಿಲ್ಲ. ಅವರು ನೆಲದ ಒಂದು ಜಾಗದಲ್ಲಿ ಮಂಡಿಯೂರಿ ಕೂತು ಅತ್ತರು. ಅವರ ತಲೆಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. ಅವರು ದೂರ ಸರಿಯಲಿಲ್ಲ.

ಬಹಳ ಹೊತ್ತಿನ ಮೇಲೆ ರೆಕಾರ್ಡಿಂಗ್ ನಿಲ್ಲಿಸಿ, ಹೆಡ್‌ಫೋನಿನ ಒಂದು ಬದಿ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಇಟ್ಟು ಕೇಳಿದೆವು. ಮೊದಲು ಬಾಗಿಲು ಮುಚ್ಚಿದ ಸದ್ದು. ಆಮೇಲೆ, ಮೇಷ್ಟ್ರು ಒಳಗಿಲ್ಲದಿದ್ದರೂ, ಗುನುಗು, ಮೈಕಿಗೆ ತುಟಿ ತಾಗುವಷ್ಟು ಹತ್ತಿರ. ಹಾಡು ಒಂದು ಸಾಲಿನ ಕೊನೆಗೆ ಬಂದು ತಾನಾಗಿಯೇ ನಿಂತಿತು. ಆಮೇಲೆ ಏನೂ ಇಲ್ಲ. ಬರಿಯ ಕೋಣೆ. ನಂತರ ಬಾಗಿಲು ತಳ್ಳಿದ ಸದ್ದು, ಅವರ ಅಳು, ಅವರನ್ನು ಸಮಾಧಾನ ಮಾಡುತ್ತಿರುವ ನನ್ನ ದನಿ.

ಅದರ ಕೆಳಗೆ, ನಮ್ಮಿಬ್ಬರ ನಡುವೆ ಕೂತಿದ್ದವಳೊಬ್ಬಳು ಎದ್ದ ಹಾಗೆ ಸೀರೆಯ ಸರಸರ.

“ಆಯ್ತು ರೀ,” ಎಂದಿತು ಗುನುಗುತ್ತಿದ್ದ ಅದೇ ದನಿ. “ಟೀ ಆರ್ತಿದೆ. ಇಬ್ರೂ ಕುಡೀರಿ.”

ಮೇಷ್ಟ್ರ ಬೆರಳು ನನ್ನ ಬೆರಳನ್ನು ಹುಡುಕಿ ಹಿಡಿಯಿತು. ಹೊಸ್ತಿಲ ಹೊರಗೆ ಎರಡೂ ಕಪ್ಪು ನೆಲದ ಮೇಲಿದ್ದವು. ಟೀ ಪೂರ್ತಿ ತಣ್ಣಗಾಗಿ ಕೆನೆ ಕಟ್ಟಿತ್ತು. ಹೇಳಿದ ಮೇಲೆ ಕುಡಿಯದೆ ಇರುವುದುಂಟೆ? ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತು, ಇಬ್ಬರೂ ಕುಡಿದೆವು.