ನಾಲ್ಕನೇ ನಂಬರಿನ ಬಾಗಿಲು

ಮಡಂತ್ಯಾರು ದಾಟುವಾಗ ಕಪ್ಪು ಜೀಪು ಎರಡನೇ ಸಲ ಗುದ್ದಿತು.

ಪಿಕಪ್ಪಿನ ಹಿಂಭಾಗ ಎಡಕ್ಕೆ ಎಳೆಯಿತು. ಸ್ಟೇರಿಂಗ್ ಕೈಯಿಂದ ಜಾರಿ ಮತ್ತೆ ಸಿಕ್ಕಿತು. ಪಕ್ಕದಲ್ಲಿ ಕೂತ ವೆಂಕಪ್ಪಣ್ಣನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಹೆಗಲ ಬೈರಾಸನ್ನು ಗಾಯಕ್ಕೆ ಒತ್ತಿ ಹಿಡಿದಿದ್ದರು.

"ನಿಲ್ಲಿಸುವುದಾ ಮೇಡಂ?"

"ನಿಲ್ಲಿಸಿದರೆ ಇಬ್ಬರನ್ನೂ ಮುಗಿಸ್ತಾರೆ."

"ಹಾಗಾದರೆ ಬೇಡ. ಸ್ವಲ್ಪ ಬೇಗ ಹೋಗುವ."

ಹೋದೆ.

ಹಿಂದೆ ಹಗ್ಗ ಬಿಗಿದು ಮಲಗಿಸಿದ್ದು ಒಂದು ಕಬ್ಬಿಣದ ಬಾಗಿಲು. ಅದಕ್ಕಾಗಿಯೇ ಈ ಓಟ. ನೀವು ನಗಬಹುದು... ಕೆಲಸ ಒಪ್ಪಿಕೊಂಡ ದಿನ ನಾನೂ ನಕ್ಕಿದ್ದೆ.

ನನ್ನ ಹೆಸರು ಮೋಕ್ಷಿತಾ. ಪೊಲೀಸ್ ಕೆಲಸ ಬಿಟ್ಟು ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಮೇಲೆ ಆಫೀಸು ಮಾಡಿಕೊಂಡಿದ್ದೇನೆ. ಕಳೆದುಹೋದದ್ದನ್ನು ಹುಡುಕಿಕೊಡುತ್ತೇನೆ. ಓಡಿಹೋದ ಗಂಡ, ಕದ್ದ ಕಾರು, ಹಾಸ್ಟೆಲಿನಿಂದ ಕಾಣೆಯಾದ ಹುಡುಗಿ. ಬಾಗಿಲು ಹುಡುಕಿಕೊಡಿ ಎಂದವನು ಧನರಾಜ್ ಒಬ್ಬನೇ.

ಧನರಾಜ್ ಸಾರಂಗ ಮೋಟಾರ್ಸಿನ ದೊಡ್ಡ ಅಧಿಕಾರಿ. ಇಸ್ತ್ರಿ ಹಾಕಿದಂಥ ಮುಖ.

"ಕಂಪೆನಿಯ ಮ್ಯೂಸಿಯಂ ಮಾಡ್ತಾ ಇದ್ದೇವೆ ಮೇಡಂ. ನಮ್ಮ ಎಲ್ಲ ಫ್ಯಾಕ್ಟರಿಗಳ ಕತೆ. ಹಳೆಯದು, ಈಗಿನದು, ಎಲ್ಲ."

ಆ ಕತೆ ನಮ್ಮ ಕಡೆಯವರಿಗೆ ಬಾಯಿಪಾಠ. ಸಾರಂಗ ಹುಟ್ಟಿದ್ದು ಮೂಡುಬಿದಿರೆಯಲ್ಲಿ, ಮುಚ್ಚಿದ ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ. ಅಲ್ಲಿ ಜೀಪಿಗೆ ಬಾಡಿ ಕಟ್ಟುತ್ತಿದ್ದರು. ಈಗ ಅದು ಮದುವೆ ಹಾಲ್. ಹೆಸರು ಬಂದ ಮೇಲೆ ಬಂಟ್ವಾಳದಿಂದ ಪೊಳಲಿಗೆ ಹೋಗುವ ದಾರಿಯಲ್ಲಿ ದೊಡ್ಡ ಫ್ಯಾಕ್ಟರಿ ಎದ್ದಿತು. ಗುಡ್ಡ ಕಡಿದರು, ಗದ್ದೆ ತೆಗೆದುಕೊಂಡರು, ಮನೆಗೊಂದು ಕೆಲಸ ಕೊಟ್ಟರು. ಸಣ್ಣ ಕಾರುಗಳು ಸಾಲುಸಾಲಾಗಿ ಗುಡ್ಡ ಇಳಿದವು.

ಸುಮಾರು ಹದಿನೈದು ವರ್ಷದ ಹಿಂದೆ ಅಲ್ಲಿನ ಪೇಂಟ್ ಶಾಪಿಗೆ ಬೆಂಕಿ ಬಿತ್ತು. ಚಿದಾನಂದ ಎಂಬ ಕೆಲಸಗಾರ ಒಳಗೇ ಸುಟ್ಟುಹೋದ. ಅವನು ಎಸೆದ ಬೀಡಿಯಿಂದಲೇ ಬೆಂಕಿ ಹತ್ತಿದ್ದು ಎಂದಿತು ಕಂಪೆನಿ. ಆ ವರ್ಷವೇ ಗೇಟಿಗೆ ಬೀಗ ಹಾಕಿ ತಮಿಳುನಾಡಿಗೆ ಹೋಯಿತು. ಅಲ್ಲಿ ಹತ್ತು ಪಟ್ಟು ಬೆಳೆಯಿತು.

ಈಗ ವಾಪಸ್ ಬರುತ್ತಿದ್ದರು. ಪೊಳಲಿ ದಾರಿಯ ಅದೇ ಜಾಗಕ್ಕೆ, ಬ್ಯಾಟರಿ ಕಾರು ಮಾಡಲು. ಅದಕ್ಕೊಂದು ಊರವರ ಸಭೆ ಇಟ್ಟಿದ್ದರು.

"ಪೇಂಟ್ ಶಾಪಿನ ಒಂದು ಬಾಗಿಲು ಬೇಕು," ಎಂದ ಧನರಾಜ್. "ಹಳದಿಯಲ್ಲಿ ನಾಲ್ಕು ಅಂತ ಬರೆದದ್ದು. ಗುಜರಿಗೆ ಹೋಗಿ ಕರಗಿತು ಅಂದುಕೊಂಡಿದ್ದೆವು. ಯಾರದ್ದೋ ಹತ್ತಿರ ಉಂಟು ಅಂತ ಈಗ ಸುದ್ದಿ. ಸಭೆಗೆ ಮೊದಲು ಸಿಗಬೇಕು."

ಮೊದಲು ಹೋದದ್ದು ಬಂಟ್ವಾಳಕ್ಕೆ, ಚಿದಾನಂದನ ಹೆಂಡತಿ ಕಾವೇರಮ್ಮನ ಮನೆಗೆ. ಅವರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಮಾತಾಡುವಾಗಲೂ ಬೆರಳು ನಿಲ್ಲಲಿಲ್ಲ.

"ಆ ಬಾಗಿಲು ನನಗೆ ಎಂತಕ್ಕೆ? ನಮ್ಮ ಯಜಮಾನರು ಬೀಡಿ ಸೇದುವವರೇ ಅಲ್ಲ. ಮನೆ ತುಂಬ ಬೀಡಿ ಇತ್ತು, ಒಂದು ದಿನ ಬಾಯಿಗೆ ಇಟ್ಟವರಲ್ಲ. ಹೆಂಡತಿ ಕಟ್ಟುವುದು ಬೀಡಿ, ಗಂಡ ಸೇದದೆ ಇರ್ತಾನಾ ಅಂತ ಎಲ್ಲ ನಂಬಿದರು. ಫ್ಯಾಕ್ಟರಿ ಹೋದದ್ದೇ ನನ್ನ ಗಂಡನಿಂದ ಅಂತೆ. ನಮ್ಮನ್ನು ಮದುವೆಗೆ ಕರೆಯುವವರಿಲ್ಲ. ಮಗಳು ವಿಸ್ಮಿತಾನ ನೋಡ್ಲಿಕ್ಕೆ ಯಾರಾದರೂ ಬಂದರೆ, ದಾರಿಯಲ್ಲೇ ನಿಲ್ಲಿಸಿ ಇದನ್ನೇ ಹೇಳ್ತಾರೆ."

"ಬೆಂಕಿ ಬಿದ್ದಾಗ ಅವರು ಯಾಕೆ ಹೊರಗೆ ಬರಲಿಲ್ಲ?"

ಬೆರಳು ಆಗ ನಿಂತಿತು.

"ಬಾಗಿಲು ತೆರೆದೇ ಇತ್ತು, ಕುಡಿದು ಮಲಗಿದ್ದ ಅಂದರು ಕಂಪೆನಿಯವರು. ಅವರು ಕುಡಿಯುವವರೂ ಅಲ್ಲ ಮೇಡಂ."

ಮೂಡುಬಿದಿರೆಯ ಗುಜರಿ ವ್ಯಾಪಾರಿ ಉನೈಸ್ ದಾರಿ ತೋರಿಸಿದ. ಫ್ಯಾಕ್ಟರಿ ಕೆಡವಿದಾಗ ಆ ಬಾಗಿಲನ್ನು ಬೆಳ್ತಂಗಡಿ ಕಡೆಯ ಒಬ್ಬ ರಬ್ಬರ್ ಕೃಷಿಕರಿಗೆ ಮಾರಿದ್ದನಂತೆ. ಅವರೇ ವೆಂಕಪ್ಪಣ್ಣ. ರಬ್ಬರ್ ಶೀಟಿಗೆ ಹೊಗೆ ಹಾಕುವ ಗೂಡಿನ ಒಂದು ಬದಿಗೆ ಬಾಗಿಲನ್ನು ಮಣ್ಣು ಮೆತ್ತಿ ನಿಲ್ಲಿಸಿದ್ದರು.

"ಬಾಗಿಲು ಅಂತಲೇ ತಂದದ್ದು ಮಾರಾಯ್ರೆ. ಎಂತ ಮಾಡಿದರೂ ತೆರೆಯುವುದಿಲ್ಲ. ಚೌಕಟ್ಟಿಗೆ ಅಂಟಿಕೊಂಡಿದೆ. ಕೊನೆಗೆ ಗೋಡೆ ಮಾಡಿದೆ."

ಮಸಿಯ ಅಡಿಯಲ್ಲಿ ಹಳದಿ ನಾಲ್ಕು ಮಸುಕಾಗಿ ಕಾಣುತ್ತಿತ್ತು. ಫೋಟೋ ತೆಗೆದು, ಜಾಗ ಯಾವುದೆಂದೂ ಬರೆದು ಧನರಾಜನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು. ಮುಟ್ಟಬೇಡಿ, ಹುಡುಗರು ಬರ್ತಾರೆ.

ವೆಂಕಪ್ಪಣ್ಣ ಒಳ್ಳೆಯ ಮನುಷ್ಯ. ಹೇಗೂ ಬಂಟ್ವಾಳಕ್ಕೆ ಹೋಗ್ಲಿಕ್ಕುಂಟು, ನಾನೇ ಕೊಂಡುಹೋಗ್ತೇನೆ ಎಂದರು. ಕೆಲಸದವರು ಹಾರೆ ಹಾಕಿ ಬಾಗಿಲನ್ನು ಕಿತ್ತು ವೆಂಕಪ್ಪಣ್ಣನ ಪಿಕಪ್ಪಿಗೆ ಏರಿಸಿದರು.

ಮಣ್ಣು ಉದುರಿತು. ಬಿಸಿಲು ಬಿತ್ತು.

ತುಕ್ಕು ಹಿಡಿದು ಅಂಟಿದ್ದಲ್ಲ. ವೆಲ್ಡಿಂಗ್. ನಾಲ್ಕೂ ಬದಿಗೆ, ಹೊರಗಿನಿಂದ.

ಒಳಬದಿಯ ಮಸಿಯನ್ನು ಗೋಣಿಯಿಂದ ಒರೆಸಿದೆ. ಗುಳಿಗಳಿದ್ದವು. ಕಬ್ಬಿಣದಿಂದ ಹೊಡೆದು ಆದ ಗುಳಿಗಳು. ಎದೆಯ ಎತ್ತರದಲ್ಲಿ ಆಳವಾಗಿ, ಒತ್ತೊತ್ತಾಗಿ. ಅದರ ಕೆಳಗೆ, ಸೊಂಟದ ಹತ್ತಿರ. ಆಮೇಲೆ ಮೊಣಕಾಲಿನ ಮಟ್ಟದಲ್ಲಿ. ಕೊನೆಯವು ನೆಲಕ್ಕೆ ತಾಗಿ... ಅವು ಗುಳಿಗಳೂ ಅಲ್ಲ, ಗೀರುಗಳು.

ನನಗೆ ಸಿಟ್ಟು ಬರುವುದು ನಿಧಾನ. ಬಂದರೆ ಹೋಗುವುದೂ ನಿಧಾನ.

ಅಷ್ಟರಲ್ಲಿ ಜೀಪು ಬಂತು. ಇಬ್ಬರು ಇಳಿದರು. ಹಿಂದಿನ ಸೀಟಿನಲ್ಲಿ ಗ್ಯಾಸ್ ಕಟರ್.

"ಮ್ಯೂಸಿಯಮ್ಮಿಗೆ ಕಟರ್ ಎಂತಕ್ಕೆ?" ಎಂದು ಕೇಳಿದೆ.

"ಇಲ್ಲೇ ತುಂಡು ಮಾಡ್ಲಿಕ್ಕೆ ಹೇಳಿದ್ದಾರೆ," ಎಂದ ದಪ್ಪ ಕತ್ತಿನವನು.

"ನನ್ನ ಅಂಗಳದಲ್ಲಿ ಅದೆಲ್ಲ ಬೇಡ," ಎಂದು ವೆಂಕಪ್ಪಣ್ಣ ಅಡ್ಡ ನಿಂತರು. ಅವನು ತಳ್ಳಿದ. ಅವರ ಹಣೆ ಶೀಟ್ ಒತ್ತುವ ಮೆಷಿನ್ನಿಗೆ ಬಡಿಯಿತು.

ಹಾರೆ ನನ್ನ ಕಾಲ ಬಳಿಯೇ ಇತ್ತು. ಅವನ ಮೊಣಕಾಲಿಗೆ ಒಂದು ಕೊಟ್ಟೆ. ವೆಂಕಪ್ಪಣ್ಣನನ್ನು ಎಳೆದು ಪಿಕಪ್ಪಿಗೆ ಹತ್ತಿಸಿದೆ.

ಹಾಗೆ ಶುರುವಾದದ್ದು ಈ ಓಟ.

ಮಡಂತ್ಯಾರಿನ ತಿರುವು ಮುಗಿಯುವಾಗ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಮೋಕ್ಷಿತಾ, ನೀವು ನಮ್ಮ ಕೆಲಸ ಒಪ್ಪಿಕೊಂಡವರು," ಎಂದ ಧನರಾಜ್.

"ಬಾಗಿಲು ಹುಡುಕಿ ಅಂದಿರಿ. ಹುಡುಕಿದೆ. ತರ್ತಾ ಇದ್ದೇನೆ."

"ಎಲ್ಲಿಗೆ?"

"ನಿಮ್ಮ ಇವತ್ತಿನ ಸಭೆಗೆ."

ಅವನ ದನಿ ಮೆತ್ತಗಾಯಿತು.

"ಊರಿನ ನೂರಾರು ಮನೆಯ ಮಕ್ಕಳಿಗೆ ಕೆಲಸ ಉಂಟು ಇದರಲ್ಲಿ. ಹಾಳು ಮಾಡಬೇಡಿ."

"ಒಬ್ಬ ಸತ್ತವನ ಮಾನವೂ ಉಂಟು."

"ಹಾಗಾದರೆ ನೀವು ಬಂಟ್ವಾಳ ಮುಟ್ಟುವುದಿಲ್ಲ."

ಫೋನ್ ಇಟ್ಟ. ನಾನು ಕಾವೇರಮ್ಮನಿಗೆ ಮಾಡಿದೆ. ಮಗಳನ್ನು ಕರೆದುಕೊಂಡು ಸಭೆಗೆ ಬನ್ನಿ ಎಂದಷ್ಟೇ ಹೇಳಿದೆ.

ಪುಂಜಾಲಕಟ್ಟೆಯಲ್ಲಿ ಜೀಪು ಮುಂದೆ ನುಗ್ಗಿ ರಸ್ತೆಗೆ ಅಡ್ಡ ನಿಂತಿತು. ದಪ್ಪ ಕತ್ತಿನವನು ಕುಂಟುತ್ತ ಇಳಿದ. ಕೈಯಲ್ಲಿ ರಾಡ್. ಇನ್ನೊಬ್ಬ ಪಿಕಪ್ಪಿನ ಹಿಂದಕ್ಕೆ ಹೋಗಿ ಹಗ್ಗ ಬಿಚ್ಚತೊಡಗಿದ.

"ಕೀ ಕೊಡು," ಎಂದು ಕುಂಟ ನನ್ನ ಬದಿಗೆ ಬಂದು ಬಾಗಿದ.

ಡೋರನ್ನು ಕಾಲಿನಿಂದ ಒದ್ದೆ. ಅಂಚು ಅವನ ಮೂಗಿಗೆ ಕೂತಿತು. ರಾಡ್ ಡಾಮರಿಗೆ ಬಿತ್ತು.

ಹಿಂದೆ ಬಸ್ಸುಗಳು ಸಾಲುಗಟ್ಟಿದ್ದವು. ನಮ್ಮೂರಿನ ಖಾಸಗಿ ಬಸ್ಸಿನವರು ಏನನ್ನಾದರೂ ಸಹಿಸುತ್ತಾರೆ, ಟೈಮಿಂಗ್ ತಪ್ಪಿದರೆ ಸಹಿಸುವುದಿಲ್ಲ. ಕಂಡಕ್ಟರುಗಳು ಇಳಿದು ಬಂದರು.

"ರೋಡ್ ನಿಮ್ಮ ಅಪ್ಪಂದಾ? ಜೀಪು ತೆಗಿ ಮಾರಾಯ."

ಹಗ್ಗ ಬಿಚ್ಚುತ್ತಿದ್ದವನು ಎದುರು ಮಾತಾಡಿದ. ತಪ್ಪು ಮಾಡಿದ. ನಾಲ್ಕೈದು ಜನ ಸೇರಿ ಜೀಪನ್ನು ಚರಂಡಿಗೆ ತಳ್ಳಿದರು. ಕೀ ಯಾರ ಕಿಸೆಗೆ ಹೋಯಿತೋ ತಿಳಿಯದು. ನಾನು ಗೇರ್ ಹಾಕಿದೆ.

ಪೊಳಲಿ ದಾರಿಯ ಹಳೆಯ ಗೇಟಿನ ಒಳಗೆ ಶಾಮಿಯಾನ ತುಂಬಿತ್ತು. ಒಂದು ಕಾಲದ ಕೆಲಸಗಾರರು, ಅವರ ಮಕ್ಕಳು. ದೊಡ್ಡ ಪರದೆಯಲ್ಲಿ ಸಾರಂಗದ ಕಾರ್ಖಾನೆಗಳ ಸಿನಿಮಾ ಓಡುತ್ತಿತ್ತು. ಹಂಚಿನ ಶೆಡ್ಡು ಬಂತು, ಹೋಯಿತು. ಪೊಳಲಿ ಬಂತು. ಇಂಪಾದ ದನಿ ಹೇಳಿತು, ಒಬ್ಬ ಕಾರ್ಮಿಕನ ಅಜಾಗರೂಕತೆಯಿಂದ...

ಪಿಕಪ್ಪನ್ನು ರಿವರ್ಸಿನಲ್ಲಿ ವೇದಿಕೆಯ ತನಕ ಒಯ್ದೆ. ವೆಂಕಪ್ಪಣ್ಣ ಹಗ್ಗ ಕೊಯ್ದರು. ಬಾಗಿಲು ನೆಲಕ್ಕೆ ಬಿದ್ದ ಸದ್ದಿಗೆ ಸಭೆ ಎದ್ದು ನಿಂತಿತು.

ಧನರಾಜ್ ಮೈಕ್ ಹಿಡಿದ. "ದಯವಿಟ್ಟು ಕೂತುಕೊಳ್ಳಿ. ಇದು ನಮ್ಮ ಫ್ಯಾಕ್ಟರಿಯದ್ದಲ್ಲ."

ಅವನ ಬೆನ್ನ ಹಿಂದೆ, ಪರದೆಯ ಮೇಲೆ, ಒಳ್ಳೆಯ ದಿನಗಳ ಪೇಂಟ್ ಶಾಪ್ ಓಡುತ್ತಿತ್ತು. ಹೊಳೆಯುವ ಕಾರು, ನಗುವ ಕೆಲಸಗಾರರು, ಮೂಲೆಯಲ್ಲಿ ಬಾಗಿಲು. ಹಳದಿ ಬಣ್ಣದಲ್ಲಿ ನಾಲ್ಕು.

ಎಲ್ಲರೂ ಪರದೆ ನೋಡಿದರು. ಆಮೇಲೆ ನೆಲದಲ್ಲಿ ಬಿದ್ದ ಬಾಗಿಲಿನ ಮೇಲಿದ್ದ ಅದೇ ನಾಲ್ಕನ್ನು ನೋಡಿದರು.

ಮುಂದಿನ ಸಾಲಿನಿಂದ ಮುದುಕರೊಬ್ಬರು ಎದ್ದು ಬಂದರು. ಹಳೆಯ ವೆಲ್ಡರ್ ಚಿನ್ನಯ್ಯ ಎಂದು ಪಕ್ಕದವರು ಹೇಳಿದರು. ಬಾಗಿಲಿನ ಅಂಚು ಎತ್ತಿಸಿ, ಹೊರಬದಿಯ ವೆಲ್ಡಿಂಗಿನ ಗೆರೆಯ ಮೇಲೆ ಬೆರಳಾಡಿಸಿದರು.

"ಇದು ನನ್ನ ಕೈಯ ಕೆಲಸ. ತಾಮ್ರದ ವಯರ್ ಕಳವಾಗ್ತದೆ, ಇದನ್ನು ಮುಚ್ಚು ಅಂದದ್ದು ಧನರಾಜ್ ಸರ್. ಆಗ ಅವರು ಶಿಫ್ಟ್ ಮ್ಯಾನೇಜರ್. ಬೆಂಕಿ ಬಿದ್ದ ಮೇಲೆ, ಬಾಗಿಲು ತೆರೆದೇ ಇತ್ತು ಅಂದರು. ಯಾರೋ ವೆಲ್ಡಿಂಗ್ ಬಿಡಿಸಿರಬೇಕು ಅಂದುಕೊಂಡೆ..."

ಬಾಗಿಲನ್ನು ಮತ್ತೆ ಇಳಿಸುವಾಗ ಅವರ ಕಣ್ಣು ಒಳಬದಿಯ ಗುಳಿಗಳ ಮೇಲೆ ಬಿತ್ತು. ಅಲ್ಲೇ ಕುಸಿದು ಕೂತರು.

ಹಿಂದಿನಿಂದ ಯಾರೋ ಕೂಗಿದರು. "ಆದದ್ದು ಆಯಿತು. ನಮ್ಮ ಮಕ್ಕಳಿಗೆ ಕೆಲಸ ಬೇಡವಾ?"

ಕಾವೇರಮ್ಮ ಜನರ ನಡುವಿನಿಂದ ಬಂದರು. ವಿಸ್ಮಿತಾ ಅವರ ತೋಳು ಹಿಡಿದಿದ್ದಳು. ಕಾವೇರಮ್ಮ ಬಾಗಿಲಿನ ಪಕ್ಕ ಕೂತು, ಎದೆಮಟ್ಟದ ಗುಳಿಯಿಂದ ಕೊನೆಯ ಗೀರಿನ ತನಕ ಕೈ ಸವರಿದರು. ಅಳಲಿಲ್ಲ. ಕೂಗಿದವನ ಕಡೆ ತಿರುಗಿದರು.

"ಕೆಲಸ ಬೇಕು. ಯಾವ ಬಾಗಿಲಿನ ಒಳಗೆ ಕಳಿಸುವುದು ಅಂತ ಮೊದಲು ನೋಡಿ."

ಕೂಗಿದವನೂ ಬಾಗಿಲು ನೋಡಲು ಮುಂದೆ ಬಂದ.

ಧನರಾಜ್ ವೇದಿಕೆಯ ಹಿಂದಿನಿಂದ ಇಳಿದು ಹೊರಟ. ಚಿದಾನಂದನ ಜೊತೆ ಕೆಲಸ ಮಾಡಿದವರು ಗೇಟಿಗೆ ಅಡ್ಡ ನಿಂತರು. ಕೈ ಎತ್ತಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಬಂದೋಬಸ್ತಿಗೆ ಬಂದಿದ್ದ ಎಸ್‌ಐ ಅವನನ್ನು ಪೊಲೀಸ್ ಜೀಪು ಹತ್ತಿಸುವ ತನಕ ಹಾಗೆಯೇ ನಿಂತಿದ್ದರು.

ಕೇಸು ಮತ್ತೆ ತೆರೆದಿದೆ. ಕಂಪೆನಿ ಸಿನಿಮಾವನ್ನು ಹಿಂದಕ್ಕೆ ತೆಗೆದುಕೊಂಡಿತು. ಬ್ಯಾಟರಿ ಕಾರಿನ ಮಾತು ಸದ್ಯಕ್ಕೆ ಇಲ್ಲ. ಅದಕ್ಕಾಗಿ ನನ್ನನ್ನು ಬೈಯುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಾವೇರಮ್ಮನಿಗೆ ಈಗ ಮದುವೆಯ ಕರೆಗಳು ಬರುತ್ತವೆ. ಅವರು ಹೋಗುವುದಿಲ್ಲ.

ಧನರಾಜನಿಗೆ ಜಾಮೀನು ಸಿಕ್ಕಿತು. ನಡೆದುಕೊಂಡೇ ಹೊರಗೆ ಬಂದ.

ಲಾಕಪ್ಪಿನ ಬಾಗಿಲಿಗೆ ಯಾರೂ ವೆಲ್ಡಿಂಗ್ ಮಾಡಿಸಿರಲಿಲ್ಲ... ಅದು ಅವನ ಪುಣ್ಯ.